ಮಡಿಕೇರಿ ಚಳಿಗೆ ಎಲೆ ಉದುರಿಸುವ ಮ್ಯಾಗ್ನೋಲಿಯಾ ಬರುತ್ತದಾ? ಯಾವುದು ನೆಡಲಿ?

ಗಾಳಿಬೀಡು_ಅಂಗಳ
ಎಲ್ಲರಿಗೂ ನಮಸ್ಕಾರ. ಮಡಿಕೇರಿಯಿಂದ ಗಾಳಿಬೀಡಿಗೆ ಹೋಗುವ ಕಡೆ ಹೋದ ವರ್ಷ ಮನೆ ಕಟ್ಟಿದೆವು. ಮನೆ ಮುಂದೆ ಸುಮಾರು 25 ಅಡಿ ಜಾಗ ಇದೆ, ಸ್ವಲ್ಪ ಇಳಿಜಾರು. ಅಲ್ಲಿ ಒಂದು ಮ್ಯಾಗ್ನೋಲಿಯಾ ನೆಡಬೇಕು ಅಂತ ಆಸೆ. ವರ್ಷವಿಡೀ ಹಸಿರಾಗಿರುವ ದಪ್ಪ ಎಲೆಯ ಜಾತಿ ಅಲ್ಲ. ಎಲೆಯೆಲ್ಲ ಉದುರಿ, ಬೋಳು ಕೊಂಬೆಯ ತುಂಬ ಬಟ್ಟಲಿನ ಹಾಗೆ ಗುಲಾಬಿ ಬಣ್ಣದ ಹೂ ಕೂರುತ್ತದಲ್ಲ, ಅದು.

ತಂಗಿಯ ಮಗಳು ಹೊರದೇಶದಿಂದ ಫೋಟೋ ಕಳಿಸಿದ್ದಳು. ಅದನ್ನು ನೋಡಿದ ದಿನದಿಂದ ಅಮ್ಮ "ಆ ಗಿಡ ಯಾವಾಗ ತರುತ್ತೀಯ" ಅಂತ ಕೇಳುತ್ತಿದ್ದಾರೆ. ಅಮ್ಮನಿಗೆ 78 ವರ್ಷ. ಹಾಗಾಗಿ ಇಪ್ಪತ್ತು ವರ್ಷ ಕಾಯುವ ಮರ ನನಗೆ ಬೇಡ. ನಮ್ಮ ಚಳಿ ಅದಕ್ಕೆ ಸಾಕಾ? ಮಳೆ ತಡೆಯುತ್ತದಾ? ಕೊಡಗಿನಲ್ಲಿ ಯಾರಾದರೂ ಬೆಳೆಸಿದ್ದರೆ ದಯವಿಟ್ಟು ಹೇಳಿ.

ಸಂತೆಬೀದಿ
ಅಕ್ಕ, ಸುಮ್ನೆ ಒಂದು ಕೆಂಡಸಂಪಿಗೆ ನೆಡಿ. ಅದೂ ಮ್ಯಾಗ್ನೋಲಿಯಾನೇ. ಘಮಘಮ ಅನ್ನುತ್ತದೆ, ತಲೆನೋವಿಲ್ಲ.

ಗಾಳಿಬೀಡು_ಅಂಗಳ
ಕೆಂಡಸಂಪಿಗೆ ಹಿತ್ತಲಲ್ಲಿ ಆಗಲೇ ಇದೆ. ಅದರ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಆದರೆ ಅದು ಎಲೆ ಉದುರಿಸುವುದಿಲ್ಲ, ಹೂ ಎಲೆಗಳ ನಡುವೆ ಅಡಗಿಕೊಳ್ಳುತ್ತದೆ. ಅಮ್ಮನಿಗೆ ಜಗಲಿಯಲ್ಲಿ ಕೂತು ನೋಡಲು ಸಿಗಬೇಕು.

ಬೆಂಗಳೂರು_ಬಾಲ್ಕನಿ
ಎಲೆ ಉದುರಿಸಿ ಬೋಳು ಕೊಂಬೆಯಲ್ಲಿ ಹೂ ಬಿಡುವ ಸಂಪಿಗೆ ನಮ್ಮಲ್ಲೇ ಇದೆಯಲ್ಲ! ದೇವಸ್ಥಾನದ ಮುಂದೆ ಇರುತ್ತದೆ, ಬಿಳಿ ಹೂ, ನಡುವೆ ಹಳದಿ. ಕೊಂಬೆ ಮುರಿದು ನೆಟ್ಟರೂ ಬರುತ್ತದೆ.

ಹಸಿರುಮೇಷ್ಟ್ರು
ಅದು ದೇವಕಣಗಿಲೆ. ಕೆಲವು ಕಡೆ ಕಾಡುಸಂಪಿಗೆ ಅಂತಲೂ ಕರೆಯುತ್ತಾರೆ, ಅದಕ್ಕೇ ಗೊಂದಲ. ಕೊಂಬೆ ಮುರಿದರೆ ಹಾಲು ಬರುತ್ತದೆ ನೋಡಿ. ಅದು ಕಣಗಿಲೆಯ ಬಳಗ, ಸಂಪಿಗೆಗೂ ಅದಕ್ಕೂ ನೆಂಟಸ್ತಿಕೆ ಇಲ್ಲ.

ಆದರೆ ಎರಡಕ್ಕೂ ಒಂದು ಚಂದದ ನಂಟಿದೆ. ದೇವಕಣಗಿಲೆಯ ಕುಲನಾಮ ಪ್ಲುಮೇರಿಯಾ. ಅದು ಶಾರ್ಲ್ ಪ್ಲುಮಿಯೇ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞನ ಹೆಸರಿನಿಂದ ಬಂದದ್ದು. ಅದೇ ಪ್ಲುಮಿಯೇ 1703ರಲ್ಲಿ ಫ್ರಾನ್ಸಿನ ಮಾಂಪೆಲಿಯೇ ಊರಿನ ಸಸ್ಯಶಾಸ್ತ್ರಜ್ಞ ಪಿಯರ್ ಮಾನ್ಯೋಲ್ ಗೌರವಕ್ಕೆ ಮ್ಯಾಗ್ನೋಲಿಯಾ ಎಂಬ ಹೆಸರಿಟ್ಟ. ನಮ್ಮ ಸಂಪಿಗೆಯನ್ನು ಮೊದಲು ಮಿಚೇಲಿಯಾ ಅನ್ನುತ್ತಿದ್ದರು, ಈಗ ಮ್ಯಾಗ್ನೋಲಿಯಾ ಚಂಪಕಾ ಅನ್ನುತ್ತಾರೆ. ನಾನು ಪಾಠ ಮಾಡುವಾಗ ಮಕ್ಕಳಿಗೆ ಸಂಪಿಗೆ ಹೂವನ್ನೇ ಬಿಡಿಸಿ ತೋರಿಸುತ್ತಿದ್ದೆ. ಇಷ್ಟು ಹಳೆಯ ಹೂವಿನ ರಚನೆ ಬೇರೆಲ್ಲೂ ಇಷ್ಟು ಸುಲಭವಾಗಿ ಸಿಗುವುದಿಲ್ಲ. ಜೇನು ಬರುವುದಕ್ಕೂ ಮೊದಲಿನ ಕಾಲದ ಬಳಗ ಇದು. ಪರಾಗಸ್ಪರ್ಶಕ್ಕೆ ಜೀರುಂಡೆಗಳನ್ನೇ ನಂಬಿಕೊಂಡಿದೆ.

ಬೆಂಗಳೂರು_ಬಾಲ್ಕನಿ
ಓ, ಗೊತ್ತಿರಲಿಲ್ಲ ಸರ್. ಧನ್ಯವಾದ.

ಸಿಡ್ನಿಕೊಡಗು
ನಾನು ವಿರಾಜಪೇಟೆಯವನು, 11 ವರ್ಷದಿಂದ ಸಿಡ್ನಿಯಲ್ಲಿದ್ದೇನೆ. ನಮ್ಮ ಬೀದಿಯಲ್ಲಿ ಐದಾರು ಮನೆ ಮುಂದೆ ಈ ಮರ ಇದೆ. ಸೂಲಾಂಜಿಯಾನಾ ಅನ್ನುವ ಜಾತಿ. ಇಲ್ಲಿ ಚಳಿಗಾಲ ಜುಲೈ–ಆಗಸ್ಟ್, ಆಗ ಹೂ. ನಗರದೊಳಗೆ ಹಿಮ ಬೀಳುವುದಿಲ್ಲ, ರಾತ್ರಿ 8–9 ಡಿಗ್ರಿ ಅಷ್ಟೇ. ಅಂದರೆ ಈ ಗಿಡಕ್ಕೆ ಹಿಮ ಬೇಡ, ತಂಪು ಸಾಕು. ಇಂಗ್ಲೆಂಡಿನವರ ವಿಡಿಯೋ ನೋಡಿ ಹೆದರಬೇಡಿ. ಅವರ ಮಾತೆಲ್ಲ ಹಿಮದಿಂದ ಮೊಗ್ಗು ಸುಡುತ್ತದೆ ಎಂಬುದರ ಸುತ್ತ ಇರುತ್ತದೆ. ನಮಗೆ ಆ ಭಯವೇ ಇಲ್ಲ.

ಕಾಫಿಕಣ
ತಮ್ಮಾ, ಅಲ್ಲೇ ಇರುವುದು ವಿಷಯ. ನಮ್ಮ ಕಷ್ಟ ಹಿಮದ್ದಲ್ಲ, ಚಳಿ ಸಾಲದೇ ಇರುವುದರದ್ದು. ಮಡಿಕೇರಿಯಲ್ಲಿ ಡಿಸೆಂಬರ್–ಜನವರಿ ರಾತ್ರಿ ಸಾಮಾನ್ಯವಾಗಿ 12–14 ಡಿಗ್ರಿ. ಸಿಡ್ನಿಯ 8 ಎಲ್ಲಿ, ನಮ್ಮ 13 ಎಲ್ಲಿ.

ನಾನು 2011ರಲ್ಲಿ ಸುಂಟಿಕೊಪ್ಪ ಹತ್ತಿರ ಎರಡು ಸೂಲಾಂಜಿಯಾನಾ ಕಸಿ ಗಿಡ ನೆಟ್ಟೆ. ಒಂದು ಗೇಟಿನ ಹತ್ತಿರ ತಗ್ಗಿನಲ್ಲಿ, ಇನ್ನೊಂದು ಕಣದ ಮೇಲಿನ ದಿಣ್ಣೆಯಲ್ಲಿ. ತಗ್ಗಿನಲ್ಲಿದ್ದದ್ದು ಎರಡನೇ ಮಳೆಗಾಲ ದಾಟಲಿಲ್ಲ. ಜುಲೈಯಲ್ಲಿ ಚೆನ್ನಾಗಿತ್ತು, ಆಗಸ್ಟ್‌ನಲ್ಲಿ ಎಲೆ ಜೋತು ಬಿತ್ತು, ಕಿತ್ತು ನೋಡಿದರೆ ಬೇರು ಕಪ್ಪಾಗಿ ನಾರುತ್ತಿತ್ತು. ದಿಣ್ಣೆಯದ್ದು ಇವತ್ತಿಗೂ ಇದೆ. 12 ಅಡಿ ಎತ್ತರ ಆಗಿದೆ. ಹುತ್ತರಿ ಹಬ್ಬ ಆದ ಮೇಲೆ ನಿಧಾನಕ್ಕೆ ಎಲೆ ಹಳದಿಯಾಗುತ್ತದೆ, ಜನವರಿ ಕೊನೆಗೆ ಹೂ. ಫೋಟೋದಲ್ಲಿ ಕಾಣುವ ಹಾಗೆ ಮರವೇ ಮುಚ್ಚಿಹೋಗುವುದಿಲ್ಲ. 30–40 ಹೂ ಬಿಡುತ್ತದೆ, ಅಲ್ಲೊಂದು ಇಲ್ಲೊಂದು ಹಳೇ ಎಲೆ ಅಂಟಿಕೊಂಡೇ ಇರುತ್ತದೆ. ಆದರೂ ಆ ಹದಿನೈದು ದಿನ ಮನೆಯವರೆಲ್ಲ ಕಾಫಿ ಲೋಟ ಹಿಡಿದು ಅಲ್ಲೇ ನಿಲ್ಲುತ್ತೇವೆ. ಚಳಿ ಹೆಚ್ಚಾದ ವರ್ಷ ಹೂ ಜಾಸ್ತಿ, ಇದು ನನ್ನ ಕಣ್ಣಾರೆ ಕಂಡದ್ದು.

ಮೆಣಸುಬಳ್ಳಿ
ಕಾಫಿಕಣ ಅಣ್ಣ ಹೇಳಿದ ಬೇರು ಕೊಳೆತ ನಮಗೆ ಹೊಸದಲ್ಲ. ಕಾಳುಮೆಣಸಿಗೆ ಬರುವ ಸೊರಗು ರೋಗದ ಬಳಗದ್ದೇ, ಫೈಟಾಫ್ತೊರಾ ಎಂಬ ರೋಗಾಣು. ಒಂದು ಸುಲಭದ ಲೆಕ್ಕ ಹೇಳುತ್ತೇನೆ. ನಿಮ್ಮ ಜಾಗದಲ್ಲಿ ಮೆಣಸಿನ ಬಳ್ಳಿ ಸೊರಗಿ ಸತ್ತಿದ್ದರೆ ಅಲ್ಲಿ ಮ್ಯಾಗ್ನೋಲಿಯಾ ನೆಡಲೇಬೇಡಿ. ಇದರ ಬೇರು ಹಗ್ಗದ ಹಾಗೆ ದಪ್ಪ, ರಸಭರಿತ. ಗಾಯ ಆದರೆ ಬೇಗ ಮಾಗುವುದಿಲ್ಲ, ನೀರು ನಿಂತರೆ ಉಸಿರು ಕಟ್ಟುತ್ತದೆ.

ಗುಂಡಿ ತೆಗೆದು ಒಳಗೆ ನೆಡುವ ಬದಲು ಒಂದೂವರೆ ಅಡಿ ದಿಬ್ಬ ಮಾಡಿ ಅದರ ಮೇಲೆ ನೆಡಿ. ಮೇಲ್ಗಡೆ ಅರ್ಧಚಂದ್ರದ ಹಾಗೆ ಸಣ್ಣ ಕಣಿ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿ. ಇಳಿಜಾರು ಇರುವುದು ನಿಮ್ಮ ಪುಣ್ಯ ಅಕ್ಕ.

ನಾಪೋಕ್ಲು_ಅಜ್ಜಿಮನೆ
ಇಳಿಜಾರು ಅಂದಾಗ ಒಂದು ಮಾತು. ದಿಬ್ಬ ಮಾಡಲು ಬರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಕಡಿಯಬೇಡಿ, ಜೆಸಿಬಿ ತರಿಸಬೇಡಿ. 2018ರ ಆಗಸ್ಟ್‌ನ ಭೂಕುಸಿತ ಆದ ಮೇಲೆ ನಮಗೆ ಮಣ್ಣು ಮುಟ್ಟಲೂ ಭಯ. ನಮ್ಮ ಚಿಕ್ಕಪ್ಪನ ಮನೆ ಹಿಂದಿನ ಬರೆ ಒಂದೇ ರಾತ್ರಿಗೆ ಅಂಗಳಕ್ಕೆ ಬಂದಿತ್ತು. ಹೊರಗಿನಿಂದ ಎರಡು ಗಾಡಿ ಮಣ್ಣು ತಂದು ಗುಡ್ಡೆ ಹಾಕಿ, ಸಾಕು. ಕೆಳಗೆ ಲಾವಂಚ ನೆಡಿ. ಮ್ಯಾಗ್ನೋಲಿಯಾ ಬೇರು ಮೇಲೆ ಮೇಲೆ ಹರಡುವಂಥದ್ದು, ಅದು ಬರೆಯನ್ನು ಹಿಡಿಯುತ್ತದೆ ಅಂತ ನಂಬಬೇಡಿ.

ಗಾಳಿಬೀಡು_ಅಂಗಳ
ಖಂಡಿತ. ನಾವೂ ಆ ವರ್ಷ ನೋಡಿದವರೇ. ಬರೆ ಮುಟ್ಟುವುದಿಲ್ಲ.

ಪುಷ್ಪಗಿರಿ_ನೆರಳು
ತಡವಾಗಿ ಬಂದೆ, ಕ್ಷಮಿಸಿ. ನಾನು ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆ ಇರುವುದು. ಎಂಟು ವರ್ಷದಿಂದ ಇದೇ ಹುಚ್ಚು, ನಾಲ್ಕು ಜಾತಿ ಬೆಳೆಸಿದ್ದೇನೆ. ಅಂಗಳದ ಅಳತೆ ಮತ್ತು ಅಮ್ಮನ ವಯಸ್ಸು, ಈ ಎರಡನ್ನೇ ಇಟ್ಟುಕೊಂಡು ಹೇಳುತ್ತೇನೆ.

ಸೂಲಾಂಜಿಯಾನಾ ಎಲ್ಲರೂ ಕೇಳುವ ಗಿಡ. ನೆಪೋಲಿಯನ್ ಸೈನ್ಯದಲ್ಲಿದ್ದ ಸೂಲಾಂಜ್ ಬೋದಾಂ ಎಂಬವರು ಪ್ಯಾರಿಸ್ ಹತ್ತಿರದ ತಮ್ಮ ತೋಟದಲ್ಲಿ 1820ರಲ್ಲಿ ಚೀನಾದ ಎರಡು ಜಾತಿ ಬೆರೆಸಿದರು. ಬಿಳಿ ಹೂವಿನ ಡೆನುಡಾಟಾ, ನೇರಳೆ ಹೂವಿನ ಲಿಲಿಫ್ಲೋರಾ. 1826ರಲ್ಲಿ ಮೊದಲ ಹೂ ಬಿಟ್ಟಿತು. ಬೀಜದಿಂದ ಆರು ವರ್ಷ! ಕಸಿ ಗಿಡ ಆದರೆ ಮೂರು ನಾಲ್ಕು ವರ್ಷಕ್ಕೇ ಹೂ ನೋಡಬಹುದು. ಆದರೆ ಮುಂದೆ 15–20 ಅಡಿ ಎತ್ತರ, ಅಷ್ಟೇ ಅಗಲ ಹರಡುತ್ತದೆ. 25 ಅಡಿ ಜಾಗದಲ್ಲಿ ಅದೊಂದೇ ಇರಬೇಕಾಗುತ್ತದೆ.

ಇದರ ಇಬ್ಬರು ಹೆತ್ತವರಲ್ಲಿ ಲಿಲಿಫ್ಲೋರಾ ನನಗೆ ಇಷ್ಟ. ಅದು ಪೊದೆ, 8–10 ಅಡಿ. ನೈಗ್ರಾ ಎಂಬ ತಳಿಯ ಹೂ ಹೊರಗೆ ದಟ್ಟ ನೇರಳೆ, ಒಳಗೆ ತಿಳಿ. ಬೋಳು ಕೊಂಬೆಯಲ್ಲೇ ಎಲ್ಲ ಅರಳುವುದಿಲ್ಲ, ಚಿಗುರಿನ ಜೊತೆಗೂ ಬರುತ್ತದೆ. ಆದರೆ ನನ್ನಲ್ಲಿ ಇರುವ ನಾಲ್ಕರಲ್ಲಿ ನಮ್ಮ ಹವೆಗೆ ಬೇಗ ಒಗ್ಗಿದ್ದು ಅದೇ. ಗೂಟಿ ಕಟ್ಟಿದರೂ, ಅಂದರೆ ಗಿಡದಲ್ಲಿರುವ ಕೊಂಬೆಯ ಸಿಪ್ಪೆ ತೆಗೆದು ಒದ್ದೆ ಪಾಚಿ ಸುತ್ತಿದರೂ, ಬೇರು ಬಿಡುತ್ತದೆ.

ಸ್ಟೆಲ್ಲಾಟಾ ಜಪಾನಿನದು. ನಕ್ಷತ್ರದ ಹಾಗೆ ಸಪೂರ ದಳ, ಬಿಳಿ, 12ಕ್ಕಿಂತ ಜಾಸ್ತಿ ದಳ ಇರುತ್ತದೆ. ಬೆಳವಣಿಗೆ ತುಂಬ ನಿಧಾನ, 8 ಅಡಿ ಆಗಲು ವರ್ಷಗಟ್ಟಲೆ ಬೇಕು. ಆದರೆ ಮೊಣಕಾಲೆತ್ತರ ಇರುವಾಗಲೇ ಹೂ ಬಿಡುತ್ತದೆ. ಅಮ್ಮನಿಗಾಗಿ ಅಂದರೆ ನಾನು ಇದನ್ನೇ ಮೊದಲು ಹೇಳುತ್ತೇನೆ.

ನಾಲ್ಕನೆಯದು ಸೂಸನ್. ವಾಷಿಂಗ್ಟನ್ನಿನ ರಾಷ್ಟ್ರೀಯ ವೃಕ್ಷೋದ್ಯಾನದಲ್ಲಿ 1950ರ ದಶಕದಲ್ಲಿ ಲಿಲಿಫ್ಲೋರಾ ಮತ್ತು ಸ್ಟೆಲ್ಲಾಟಾ ಸೇರಿಸಿ ಎಂಟು ತಳಿ ಮಾಡಿದರು. ಎಂಟಕ್ಕೂ ಹೆಣ್ಣುಮಕ್ಕಳ ಹೆಸರು. ಆನ್, ಬೆಟ್ಟಿ, ಜೇನ್, ಜೂಡಿ, ಹೀಗೆ. ಎಲ್ಲ 10–12 ಅಡಿಯ ಆಸುಪಾಸು, ಸಣ್ಣ ಅಂಗಳಕ್ಕೆ ಹೇಳಿ ಮಾಡಿಸಿದ ಹಾಗೆ.

ಕಾಫಿಕಣ
ಮೇಡಂ, ಎಲ್ಲ ಒಪ್ಪಿದೆ, ಸೂಸನ್ ಬಗ್ಗೆ ಮಾತ್ರ ಒಂದು ತಕರಾರು. ಆ ಎಂಟು ತಳಿ ಮಾಡಿದ್ದೇ ತಡವಾಗಿ ಹೂ ಬಿಡಲಿ ಅಂತ. ಅಲ್ಲಿನ ಕೊನೇ ಹಿಮದಿಂದ ತಪ್ಪಿಸಿಕೊಳ್ಳಲಿ ಅಂತ. ಇಲ್ಲಿ ಆ ಗುಣ ನಮಗೆ ತಿರುಗುಬಾಣ. ತಡ ಆದಷ್ಟೂ ಕಾಫಿ ಅರಳಿಸುವ ಹೂಮಳೆಗೆ ಸಿಗುತ್ತದೆ. ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಒಂದು ಇಂಚು ಮಳೆ ಬಿದ್ದರೆ ಕಾಫಿಗೆ ಹಬ್ಬ, ಆದರೆ ಮ್ಯಾಗ್ನೋಲಿಯಾ ದಳ ಮಾರನೇ ದಿನವೇ ಕಂದು. ಮಳೆ ಬರದಿದ್ದರೆ ಮಾರ್ಚ್ ಬಿಸಿಲು ಸುಡುತ್ತದೆ. ನಮಗೆ ಬೇಕಾದದ್ದು ಜನವರಿಯಲ್ಲೇ ಮುಗಿಸಿಕೊಳ್ಳುವ ಗಿಡ.

ಪುಷ್ಪಗಿರಿ_ನೆರಳು
ಇದು ಸರಿಯಾದ ಮಾತು ಅಣ್ಣ. ಆದರೆ ಸೂಸನ್ ಹೂ ಒಮ್ಮೆಲೇ ಬರುವುದಿಲ್ಲ, ಐದಾರು ವಾರ ಬಿಟ್ಟು ಬಿಟ್ಟು ಬರುತ್ತದೆ. ಹೋದ ವರ್ಷ ಒಂದು ಮಳೆಗೆ ಹತ್ತು ಹೂ ಹಾಳಾಯಿತು, ಮುಂದಿನ ವಾರ ಮತ್ತೆ ಬಂತು. ಸೂಲಾಂಜಿಯಾನಾ ಒಂದೇ ಪೆಟ್ಟಿಗೆ ಅರಳಿ ಅದೇ ದಿನ ಮಳೆ ಬಂದರೆ ವರ್ಷವೇ ಹೋಯಿತು.

ಕಾಫಿಕಣ
ಜನವರಿಯಲ್ಲಿ ಮಳೆ ಎಷ್ಟು ವರ್ಷಕ್ಕೆ ಒಮ್ಮೆ ಬರುತ್ತದೆ ಹೇಳಿ! ನನ್ನ ಮಾತು ಅಷ್ಟೇ.

ಸಂತೆಬೀದಿ
ಹಳದಿ ಬಣ್ಣದ್ದು ಇದೆಯಂತಲ್ಲ, ಎಲಿಜಬೆತ್ ಅಂತ?

ಹಸಿರುಮೇಷ್ಟ್ರು
ಇದೆ. ನ್ಯೂಯಾರ್ಕಿನ ಬ್ರೂಕ್ಲಿನ್ ಸಸ್ಯೋದ್ಯಾನದ್ದು, 1977ರಲ್ಲಿ ಪೇಟೆಂಟ್ ಆಯಿತು. ಅದರ ಒಂದು ಕಡೆಯ ರಕ್ತ ಉತ್ತರ ಅಮೆರಿಕದ ಚಳಿ ಕಾಡಿನ ಮರದ್ದು. ದೊಡ್ಡ ಮರ ಆಗುತ್ತದೆ. ಇಲ್ಲಿಗೆ ಬೇಡ.

ನಾಪೋಕ್ಲು_ಅಜ್ಜಿಮನೆ
ನಾನು ಡಾರ್ಜಿಲಿಂಗ್‌ಗೆ ಹೋದಾಗ ಕಾಡಿನ ನಡುವೆ ತಟ್ಟೆಯಷ್ಟು ದೊಡ್ಡ ಹೂವಿನ ಮರ ನೋಡಿದ್ದೆ. ಒಂದೂ ಎಲೆ ಇಲ್ಲ. ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಮ್ಮ ದೇಶದ್ದೇ ಇರುವಾಗ ಅದನ್ನೇ ತರಬಹುದಲ್ಲ?

ಹಸಿರುಮೇಷ್ಟ್ರು
ಅದು ಕ್ಯಾಂಪ್‌ಬೆಲ್ಲಿಯೈ. ಡಾರ್ಜಿಲಿಂಗ್ ಆಡಳಿತ ನೋಡಿಕೊಳ್ಳುತ್ತಿದ್ದ ಆರ್ಚಿಬಾಲ್ಡ್ ಕ್ಯಾಂಪ್‌ಬೆಲ್ ಹೆಸರನ್ನು ಜೋಸೆಫ್ ಹೂಕರ್ ಇಟ್ಟದ್ದು. ಹಿಮಾಲಯದ ರಾಣಿ ಅಂದರೆ ತಪ್ಪಿಲ್ಲ. ಆದರೆ ಅದರ ಊರು 2,000 ಮೀಟರಿಗಿಂತ ಮೇಲೆ. ನಮ್ಮ ತಡಿಯಂಡಮೋಳ್ ತುದಿಯೇ 1,748 ಮೀಟರ್. ಅದಲ್ಲದೆ ಬೀಜದಿಂದ ಬೆಳೆಸಿದರೆ ಮೊದಲ ಹೂವಿಗೆ 20ರಿಂದ 30 ವರ್ಷ. ನೆಟ್ಟವರು ಒಬ್ಬರು, ನೋಡುವವರು ಇನ್ನೊಬ್ಬರು.

ಗಾಳಿಬೀಡು_ಅಂಗಳ
ಹಾಗಾದರೆ ಅದು ಬೇಡ ಸರ್. ನನಗೆ ಅಮ್ಮ ನೋಡಬೇಕು.

ಮೆಣಸುಬಳ್ಳಿ
ಗಿಡ ಎಲ್ಲಿಂದ ತರುತ್ತೀರಿ ಎಂಬುದೂ ಮುಖ್ಯ. ನಾನು ಆನ್‌ಲೈನ್‌ನಲ್ಲಿ "ಗುಲಾಬಿ ಮ್ಯಾಗ್ನೋಲಿಯಾ" ಅಂತ 900 ರೂಪಾಯಿ ಕೊಟ್ಟು ತರಿಸಿದೆ. ಮೂರು ವರ್ಷ ಸಾಕಿದೆ. ಮಗುವಿನ ಹಾಗೆ ನೋಡಿಕೊಂಡೆ. ಹೂ ಬಿಟ್ಟಾಗ ನೋಡಿದರೆ ಮಾಮೂಲಿ ಹಳದಿ ಸಂಪಿಗೆ. ಕೇಳಿದರೆ ಉತ್ತರವೇ ಇಲ್ಲ. ದುಡ್ಡು ಹೋದದ್ದಕ್ಕಿಂತ ಮೂರು ವರ್ಷ ಹೋಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ.

ಪುಷ್ಪಗಿರಿ_ನೆರಳು
ಅಯ್ಯೋ. ಗುರುತು ಹಿಡಿಯುವ ಒಂದು ದಾರಿ ಇದೆ. ನವೆಂಬರ್ ಆದ ಮೇಲೆ ಕೊಳ್ಳಿ. ಎಲೆ ಉದುರಿಸುವ ಜಾತಿಯ ಹೂಮೊಗ್ಗು ಕೊಂಬೆಯ ತುದಿಯಲ್ಲಿ ದಪ್ಪಗೆ, ಬೂದು ಬಣ್ಣದ ರೋಮ ಹೊದ್ದು ಕೂತಿರುತ್ತದೆ. ಬೆಕ್ಕಿನ ಮರಿಯ ಕಿವಿ ಮುಟ್ಟಿದ ಹಾಗೆ. ಜೊತೆಗೆ ಕಸಿ ಕಟ್ಟಿದ ಗಂಟು ಕಾಣಬೇಕು. ಆ ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಕಂಡ ಕೂಡಲೇ ಕಿತ್ತು ಹಾಕಿ. ಇಲ್ಲದಿದ್ದರೆ ಕೆಳಗಿನ ಗಿಡ ಮೇಲಿನದನ್ನು ನುಂಗುತ್ತದೆ. ನನ್ನವು ಕಾಲಿಂಪಾಂಗ್ ಕಡೆಯಿಂದ ಬಂದವು, ಪರಿಚಯದವರು ತಂದುಕೊಟ್ಟರು.

ಬೆಂಗಳೂರು_ಬಾಲ್ಕನಿ
ನೀಲಿ ಮ್ಯಾಗ್ನೋಲಿಯಾ ಬೀಜ ಮಾರುತ್ತಿದ್ದಾರೆ, 100 ಬೀಜಕ್ಕೆ 150 ರೂಪಾಯಿ. ಅದು?

ಹಸಿರುಮೇಷ್ಟ್ರು
ಮೋಸ. ನೀಲಿ ಮ್ಯಾಗ್ನೋಲಿಯಾ ಎಂಬುದೇ ಇಲ್ಲ. ಇನ್ನೊಂದು ತಿಳಿದಿರಲಿ. ಈ ಬೀಜ ಒಣಗಿದರೆ ಸಾಯುತ್ತದೆ. ಮೇಲಿನ ಕೆಂಪು ತಿರುಳು ತೊಳೆದು, ಒದ್ದೆ ಮರಳಿನಲ್ಲಿ ಬೆರೆಸಿ ಮೂರು ತಿಂಗಳು ಫ್ರಿಜ್‌ನಲ್ಲಿ ಇಟ್ಟರೆ ಮಾತ್ರ ಅದಕ್ಕೆ ಚಳಿಗಾಲ ಕಳೆಯಿತು ಅನಿಸಿ ಮೊಳೆಯುತ್ತದೆ. ಪ್ಯಾಕೆಟ್‌ನಲ್ಲಿ ಗಲಗಲ ಅನ್ನುವ ಒಣ ಬೀಜ ಯಾವ ಬಣ್ಣದ್ದಾದರೂ ವ್ಯರ್ಥ.

ಗಾಳಿಬೀಡು_ಅಂಗಳ
ತಂಗಿಯ ಮಗಳು ಏಪ್ರಿಲ್‌ನಲ್ಲಿ ಬರುತ್ತಾಳೆ. ನಾಲ್ಕು ಕಡ್ಡಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತರಲಾ ಅಂತ ಕೇಳುತ್ತಿದ್ದಾಳೆ.

ಮೆಣಸುಬಳ್ಳಿ
ಬೇಡ ಅಕ್ಕ, ಖಂಡಿತ ಬೇಡ. ಹೊರದೇಶದಿಂದ ಗಿಡ, ಕಡ್ಡಿ ತರಲು 2003ರ ಸಸ್ಯ ಸಂಪರ್ಕತಡೆ ಆದೇಶದಂತೆ ಪರವಾನಗಿ, ರೋಗ ಇಲ್ಲ ಎಂಬ ಪ್ರಮಾಣಪತ್ರ ಎರಡೂ ಬೇಕು. ಕಾನೂನಿನ ಮಾತು ಬಿಡಿ, ಒಂದು ಕಡ್ಡಿಯ ಜೊತೆ ಬರುವ ರೋಗ ಇಡೀ ಜಿಲ್ಲೆಯ ತೋಟಕ್ಕೆ ಹರಡಿದರೆ ಯಾರು ಹೊಣೆ?

ಸಿಡ್ನಿಕೊಡಗು
ನೂರಕ್ಕೆ ನೂರು ಸರಿ. ಇಲ್ಲಿ ವಿಮಾನ ನಿಲ್ದಾಣದಲ್ಲಿ ಒಂದು ಸೇಬು ಇದ್ದರೂ ಬಿಡುವುದಿಲ್ಲ.

ಸಂತೆಬೀದಿ
ಸೇಬು ಅಂದಾಗ ನೆನಪಾಯಿತು. ನಮ್ಮ ಪಕ್ಕದ ತೋಟದವರು ಎಚ್‌ಆರ್‌ಎಂಎನ್ 99 ಸೇಬು ಹಾಕಿದ್ದಾರೆ. ಹಿಮಾಚಲದ ಬಿಲಾಸ್‌ಪುರದ ಹರಿಮನ್ ಶರ್ಮಾ ಕಂಡುಹಿಡಿದದ್ದು, ಚಳಿ ಕಡಿಮೆ ಇದ್ದರೂ ಕಾಯಿ ಬಿಡುತ್ತದೆ. ಅವರು ಡಿಸೆಂಬರ್‌ನಲ್ಲಿ ಕೈಯಿಂದಲೇ ಎಲೆ ಕೀಳುತ್ತಾರೆ. ಗಿಡಕ್ಕೆ ಚಳಿಗಾಲ ಬಂತು ಅನಿಸಲಿ ಅಂತ. ಮ್ಯಾಗ್ನೋಲಿಯಾಕ್ಕೂ ಹಾಗೆ ಮಾಡಬಹುದಾ?

ಕಾಫಿಕಣ
ನಾನು ಒಂದು ವರ್ಷ ಅರ್ಧ ಮರಕ್ಕೆ ಮಾಡಿ ನೋಡಿದ್ದೇನೆ. ಎಲೆ ಕಿತ್ತ ಕಡೆ ಹೂ ಚೆನ್ನಾಗಿ ಕಂಡಿತು ಅಷ್ಟೇ, ಎಣಿಕೆ ಜಾಸ್ತಿ ಆಗಲಿಲ್ಲ. ಎಳೆ ಗಿಡಕ್ಕೆ ಮಾಡಬೇಡಿ. ಅದಕ್ಕಿಂತ ನವೆಂಬರ್‌ನಿಂದ ನೀರು ನಿಲ್ಲಿಸಿ. ಮೊಗ್ಗು ಬಿರಿಯಲು ಶುರುವಾದ ಮೇಲೆ ಕೊಡಿ. ಆಮೇಲೆ ಮುಂಗಾರು ಬರುವವರೆಗೆ ವಾರಕ್ಕೆರಡು ಸಲ ತಪ್ಪಿಸಬೇಡಿ, ಮೊದಲ ಎರಡು ಬೇಸಿಗೆ ಅದೇ ಜೀವ ಉಳಿಸುವುದು.

ನಾಪೋಕ್ಲು_ಅಜ್ಜಿಮನೆ
ಸಂಪಿಗೆ ಜಾತಿ ಮನೆ ಮುಂದೆ ಇದ್ದರೆ ಹಾವು ಬರುತ್ತದೆ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು.

ಪುಷ್ಪಗಿರಿ_ನೆರಳು
ಎಂಟು ವರ್ಷದಲ್ಲಿ ನನಗೆ ಹಾವಿಗಿಂತ ಕಾಡುಹಂದಿ ಕಾಟ ಜಾಸ್ತಿ. ಬುಡಕ್ಕೆ ಹಾಕಿದ ಗೊಬ್ಬರದಲ್ಲಿ ಎರೆಹುಳು ಹುಡುಕಿ ಬೇರನ್ನೆಲ್ಲ ಬಗೆದು ಹಾಕುತ್ತದೆ. ಸುತ್ತ ಬಲೆ ಕಟ್ಟಿ. ಕೊಂಬೆ ಸವರುವುದಿದ್ದರೆ ಹೂ ಮುಗಿದ ಕೂಡಲೇ ಸವರಿ. ತೋಟದ ನೆರಳು ಮರದ ಕೊಂಬೆ ಕಡಿಯುವ ಮರಗಸಿಯವರ ಕೈಗೆ ಕೊಡಬೇಡಿ, ಮುಂದಿನ ವರ್ಷದ ಮೊಗ್ಗು ಮಳೆಗಾಲದಲ್ಲೇ ಕೂತಿರುತ್ತದೆ. ತಡವಾಗಿ ಕಡಿದರೆ ಹೂವನ್ನೇ ಕಡಿದ ಹಾಗೆ.

ಗಾಳಿಬೀಡು_ಅಂಗಳ
ಎಲ್ಲರ ಮಾತೂ ಅಮ್ಮನಿಗೆ ಓದಿ ಹೇಳಿದೆ. ಸ್ಟೆಲ್ಲಾಟಾ ಜಗಲಿಯ ಹತ್ತಿರ, ಮೆಟ್ಟಿಲ ಬಲಕ್ಕೆ. ಬೆಳಗಿನ ಬಿಸಿಲು ಬೀಳುತ್ತದೆ, ಮಧ್ಯಾಹ್ನ ಮನೆಯ ನೆರಳು. ಎಡಕ್ಕೆ, ಹತ್ತಡಿ ದೂರದಲ್ಲಿ ಲಿಲಿಫ್ಲೋರಾ. ಫೋಟೋದಲ್ಲಿದ್ದ ಗುಲಾಬಿ ಬಟ್ಟಲು ಅಲ್ಲದಿದ್ದರೂ ಅದರ ಹೆತ್ತವರಲ್ಲಿ ಒಂದಲ್ಲವಾ ಅಂತ ಅಮ್ಮನಿಗೆ ಸಂತೋಷ. ಸೂಸನ್ ಬಗ್ಗೆ ಇಬ್ಬರೂ ಹೇಳಿದ್ದು ಮನಸ್ಸಿನಲ್ಲಿದೆ, ಮುಂದೆ ನೋಡೋಣ. ಸೆಪ್ಟೆಂಬರಿನ ಕೈಲ್ ಪೊದು ಹಬ್ಬ ಆದ ಮೇಲೆ, ದೊಡ್ಡ ಮಳೆ ಇಳಿದಾಗ ನೆಡಬಹುದು ಅಲ್ವಾ?

ಕಾಫಿಕಣ
ಸರಿಯಾದ ಸಮಯ. ಮಣ್ಣು ಹಸಿ ಇರುತ್ತದೆ, ತುಲಾ ಸಂಕ್ರಮಣದ ಹೊತ್ತಿನ ಮಳೆಯೂ ಸಿಗುತ್ತದೆ, ಬೇಸಿಗೆಗೆ ಮೊದಲು ಬೇರು ಕೂರುತ್ತದೆ. ಬುಡಕ್ಕೆ ಸಿಲ್ವರ್ ಓಕ್ ಎಲೆ, ಹಳೇ ಕಾಫಿ ಸಿಪ್ಪೆ ಹೊದಿಸಿ. ಕಾಂಡಕ್ಕೆ ತಾಗಬಾರದು.

ಪುಷ್ಪಗಿರಿ_ನೆರಳು
ಅಕ್ಕ, ನನ್ನ ಲಿಲಿಫ್ಲೋರಾಕ್ಕೆ ಜೂನ್‌ನಲ್ಲಿ ಗೂಟಿ ಕಟ್ಟುತ್ತೇನೆ. ಸೆಪ್ಟೆಂಬರ್ ಹೊತ್ತಿಗೆ ಬೇರು ಬಂದರೆ ಒಂದು ನಿಮ್ಮದು. ಸೋಮವಾರಪೇಟೆಗೆ ಬಂದಾಗ ತೆಗೆದುಕೊಂಡು ಹೋಗಿ, ಅಮ್ಮನನ್ನೂ ಕರೆದುಕೊಂಡು ಬನ್ನಿ.

ಗಾಳಿಬೀಡು_ಅಂಗಳ
ಏನು ಹೇಳಬೇಕೋ ತಿಳಿಯುತ್ತಿಲ್ಲ. ಖಂಡಿತ ಬರುತ್ತೇವೆ.

ಮೆಣಸುಬಳ್ಳಿ
ಅಕ್ಕ, ಒಂದು ಮರೆತಿದ್ದೆ. ತೋಟಕ್ಕೆ ಸುಣ್ಣ ಹಾಕುವವರಿಗೆ ಮೊದಲೇ ಹೇಳಿಡಿ, ಈ ಎರಡು ಗಿಡದ ಬುಡಕ್ಕೆ ಒಂದು ಹಿಡಿಯೂ ಬೀಳಬಾರದು. ಇದಕ್ಕೆ ಹುಳಿ ಮಣ್ಣೇ ಬೇಕು, ಪಿಎಚ್ 5.5ರಿಂದ 6.5. ನಮ್ಮ ಮಣ್ಣು ಇದ್ದ ಹಾಗೇ ಇದ್ದರೆ ಸಾಕು.